ಜರ್ಮನಿಗೆ ನೆಲೆ ಬದಲಿಸುವವರಿಗೆ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ ಎಂದು ಗೊತ್ತಾದ ದಿನದಿಂದ ನಮ್ಮ ಮನೆಗಳಲ್ಲಿ ಮೊದಲು ಶುರುವಾಗುವುದು ಪೆಟ್ಟಿಗೆ ತುಂಬುವ ಮಾತು. ಸ್ವೆಟರ್ ಎಷ್ಟು, ಕುಕ್ಕರ್ ಯಾವ ಅಳತೆಯದು, ಸಾರಿನ ಪುಡಿ ಎಷ್ಟು ಕಿಲೋ ಎಂಬ ಲೆಕ್ಕದಲ್ಲೇ ಎರಡು ತಿಂಗಳು ಕಳೆದುಹೋಗುತ್ತದೆ. ಈ ಸಾಮಾನುಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಗುತ್ತವೆ, ಚಳಿಯ ಕೋಟಂತೂ ಅಲ್ಲಿ ಕೊಳ್ಳುವುದೇ ಲೇಸು. ಅಲ್ಲಿ ಸಿಗದಿರುವುದು ಸರಿಯಾದ ಹೆಸರು, ಸರಿಯಾದ ದಿನಾಂಕಗಳಿರುವ ನಿಮ್ಮ ಊರಿನ ಕಾಗದಪತ್ರ. ಸ್ಟುಟ್‌ಗಾರ್ಟ್ ಬಳಿಯ ಒಂದು ಸಣ್ಣ ಊರಿನಲ್ಲಿ ಸಂಸಾರ ಹೂಡಿ ಕೆಲವು ವರ್ಷ ಕಳೆದ ಮೇಲೆ ನನಗೆ ತಿಳಿದದ್ದು ಇಷ್ಟು: ಈ ದೇಶದಲ್ಲಿ ಕೆಲಸಗಳು ಕಷ್ಟವಲ್ಲ, ಅವುಗಳ ಕ್ರಮ ತಪ್ಪಿದರೆ ಮಾತ್ರ ಕಷ್ಟ. ಬಾಡಿಗೆ ಮನೆಯ ದೃಢೀಕರಣವಿಲ್ಲದೆ ವಿಳಾಸದ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆಯಿಲ್ಲ, ಅದಿಲ್ಲದೆ ಸಂಬಳ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಕೆಲಸಗಳನ್ನು ಅವು ಬರಬೇಕಾದ ಕ್ರಮದಲ್ಲಿಯೇ ಹೇಳುತ್ತೇನೆ. ಕಂಪನಿಯ ಉದ್ಯೋಗದ ಮೇಲೆ ಕುಟುಂಬದೊಡನೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ವಿದ್ಯಾರ್ಥಿಗಳ ದಾರಿ ಸ್ವಲ್ಪ ಬೇರೆ.

ಹೆಸರು ಮತ್ತು ಊರಿನ ಕಾಗದಗಳು

ಮೊದಲ ತೊಡಕು ಹೆಸರಿನದು, ಅದರಲ್ಲೂ ಮನೆತನದ ಹೆಸರಿಲ್ಲದ ಕನ್ನಡಿಗರದು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ ಹಾಕಿ 'ಶಿವಕುಮಾರ ಬಿ. ಎನ್.' ಎಂದು ಬರೆಸಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಾಗಿದ್ದದ್ದು ಪದವಿ ಪ್ರಮಾಣಪತ್ರದಲ್ಲಿ 'ಬಿ. ಎನ್. ಶಿವಕುಮಾರ್' ಆಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರೇ ಮನೆತನದ ಹೆಸರಾಗಿ ಕುಳಿತಿರುತ್ತದೆ, ಇಲ್ಲವೇ ಮನೆತನದ ಹೆಸರಿನ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ. ಕರ್ನಾಟಕದೊಳಗೆ ಇದು ಯಾರಿಗೂ ತೊಂದರೆ ಕೊಡುವುದಿಲ್ಲ, ಏಕೆಂದರೆ ಇಲ್ಲಿನ ಗುಮಾಸ್ತರ ಹೆಸರೂ ಹಾಗೆಯೇ ಇರುತ್ತದೆ. ಜರ್ಮನಿಯ ಪ್ರತಿ ಅರ್ಜಿಯಲ್ಲಿಯೂ ಕೊಟ್ಟ ಹೆಸರು, ಮನೆತನದ ಹೆಸರು ಎಂಬ ಎರಡು ಅಂಕಣಗಳಿರುತ್ತವೆ, ಎರಡನೆಯದನ್ನು ಖಾಲಿ ಬಿಡುವಂತಿಲ್ಲ. ನೀವು ಬಿಟ್ಟರೆ ಬ್ಯಾಂಕು ಒಂದು ರೀತಿ ತುಂಬುತ್ತದೆ, ವಿಮಾ ಸಂಸ್ಥೆ ಇನ್ನೊಂದು ರೀತಿ ತುಂಬುತ್ತದೆ, ಆಮೇಲೆ ಆ ಇಬ್ಬರೂ ಒಬ್ಬರೇ ಎಂದು ನಿರೂಪಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಎರಡೂ ಅಂಕಣಗಳನ್ನು ತುಂಬಿಸಿಕೊಳ್ಳಿ, ಹಾಗೂ ಗಂಡ, ಹೆಂಡತಿ, ಮಕ್ಕಳ ಪಾಸ್‌ಪೋರ್ಟ್‌ಗಳಲ್ಲಿ ಪರಸ್ಪರರ ಹೆಸರು ಅಕ್ಷರಶಃ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. 'ಲಕ್ಷ್ಮಿ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆಯುವವರ ನಾಡು ನಮ್ಮದು ಎಂಬುದನ್ನು ಮರೆಯಬೇಡಿ.

ಎರಡನೆಯದು ಜನನ ಪ್ರಮಾಣಪತ್ರ. ಹಳ್ಳಿಯಲ್ಲಿ ಮನೆಯಲ್ಲೇ ಹುಟ್ಟಿದ ಎಷ್ಟೋ ಮಂದಿಗೆ ಇದು ಇಲ್ಲವೇ ಇಲ್ಲ, ಅಂಕಪಟ್ಟಿಯ ದಿನಾಂಕದ ಮೇಲೆಯೇ ಜೀವನ ಸಾಗಿರುತ್ತದೆ. ಉದ್ಯೋಗದ ವೀಸಾಕ್ಕೆ ಅದು ಬೇಕಾಗದೆ ಹೋಗಬಹುದು. ಆದರೆ ಜರ್ಮನಿಯಲ್ಲಿ ಮಗು ಹುಟ್ಟಿದರೆ ಅಲ್ಲಿನ ಜನನ-ವಿವಾಹ ನೋಂದಣಿ ಕಚೇರಿಯಾದ ಸ್ಟಾಂಡೆಸ್‌ಆಮ್ಟ್ ತಂದೆ ತಾಯಿ ಇಬ್ಬರ ಜನನ ಪ್ರಮಾಣಪತ್ರವನ್ನೂ ವಿವಾಹ ಪ್ರಮಾಣಪತ್ರವನ್ನೂ ಕೇಳುತ್ತದೆ. ಜನನವನ್ನು ಒಂದು ವರ್ಷಕ್ಕಿಂತ ತಡವಾಗಿ ನೋಂದಾಯಿಸಲು ಅಧಿಕಾರಯುತ ಆದೇಶ ಬೇಕು, ಅದಕ್ಕೆ ತಾಲ್ಲೂಕು ಕೇಂದ್ರಕ್ಕೆ ಹಲವು ಸಲ ಓಡಾಡಬೇಕು. ಹೆರಿಗೆಯ ದಿನ ಹತ್ತಿರ ಬಂದಾಗ ಆರು ಸಾವಿರ ಕಿಲೋಮೀಟರಿಗಿಂತ ದೂರದಿಂದ ಇದನ್ನು ಅಣ್ಣನ ಕೈಯಲ್ಲಿ ಮಾಡಿಸುವುದಕ್ಕಿಂತ ನೀವೇ ಇಲ್ಲಿರುವಾಗ ಮುಗಿಸುವುದು ಮೇಲು. ವಿವಾಹ ಪ್ರಮಾಣಪತ್ರದ ಮಾತೂ ಅಷ್ಟೇ. ಛತ್ರದ ರಸೀದಿ, ಲಗ್ನಪತ್ರಿಕೆ, ಫೋಟೋ ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರುಗಳಲ್ಲಿಯೇ ವಿವಾಹ ನೋಂದಣಿ ಮಾಡಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ ಅನೇಕ ಏಜೆಂಟರು 'ಎಲ್ಲ ಕಾಗದಕ್ಕೂ ಅಪೊಸ್ಟಿಲ್ ಮಾಡಿಸಿಕೊಡುತ್ತೇವೆ' ಎಂದು ಹಣ ಕೇಳುತ್ತಾರೆ. ಅಪೊಸ್ಟಿಲ್ ಎಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲಿ ಎಂದು ಸರ್ಕಾರ ಹಾಕಿಕೊಡುವ ಮೊಹರು. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತಾದರೂ ಜರ್ಮನಿ ಅದಕ್ಕೆ ಆಕ್ಷೇಪ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಜರ್ಮನ್ ಕಚೇರಿಗೆ ನಿಮ್ಮ ಕಾಗದದ ಬಗ್ಗೆ ಖಾತ್ರಿ ಬೇಕೆನಿಸಿದರೆ ಅದು ಭಾರತದಲ್ಲಿರುವ ತನ್ನ ದೂತಾವಾಸದ ಮೂಲಕ ಸ್ಥಳೀಯ ಪರಿಶೀಲನೆ ಮಾಡಿಸುತ್ತದೆ. ಅದಕ್ಕೆ ತಗಲುವ ಖರ್ಚು ನಿಮ್ಮದು, ಸಮಯ ತಿಂಗಳುಗಳ ಲೆಕ್ಕದ್ದು. ನಾನು ಈ ಮೊಹರಿಗಾಗಿ ಕೊಟ್ಟ ಹಣವನ್ನು ನೀವು ಉಳಿಸಿಕೊಳ್ಳಬಹುದು.

ಕೆಲಸದ ಕರಾರು, ವೀಸಾ, ಸಂಬಳದ ನಿಜವಾದ ಮೊತ್ತ

ಪದವೀಧರರಿಗೆ ಸಾಮಾನ್ಯವಾಗಿ ಅನುಕೂಲವಾದದ್ದು ಬ್ಲೂ ಕಾರ್ಡ್, ಅಂದರೆ ಪದವಿ ಮತ್ತು ಸಂಬಳದ ಆಧಾರದ ಮೇಲೆ ಕೊಡುವ ಉದ್ಯೋಗ ಮತ್ತು ವಾಸದ ಪರವಾನಗಿ. ಅದಕ್ಕೆ ಕನಿಷ್ಠ ವಾರ್ಷಿಕ ಸಂಬಳವನ್ನು ಪ್ರತಿ ವರ್ಷ ನಿಗದಿಪಡಿಸುತ್ತಾರೆ. 2025ರಲ್ಲಿ ಅದು 48,300 ಯೂರೋ, ಜನರ ಕೊರತೆಯಿರುವ ವೃತ್ತಿಗಳಿಗೂ ಹೊಸ ಪದವೀಧರರಿಗೂ 43,759.80 ಯೂರೋ ಇತ್ತು. ನೀವು ಅರ್ಜಿ ಹಾಕುವ ವರ್ಷದ ಮೊತ್ತವನ್ನು ನೋಡಿಕೊಂಡೇ ಕರಾರಿಗೆ ಸಹಿ ಮಾಡಿ. ನಿಮ್ಮ ವಿಶ್ವವಿದ್ಯಾಲಯಕ್ಕೂ ಪದವಿಗೂ ಜರ್ಮನಿಯ ಮಾನ್ಯತೆ ಇದೆಯೇ ಎಂಬುದನ್ನು 'ಅನಾಬಿನ್' ಎಂಬ ದತ್ತಾಂಶ ಸಂಗ್ರಹದಲ್ಲಿ ಹುಡುಕಬೇಕು, ಅಲ್ಲಿ ಇಲ್ಲದಿದ್ದರೆ ನಿಮ್ಮ ಪದವಿ ಜರ್ಮನಿಯ ಯಾವ ಪದವಿಗೆ ಸಮವೆಂದು ತಿಳಿಸುವ ಹೋಲಿಕೆ ಪತ್ರ ತರಿಸಿಕೊಳ್ಳಬೇಕು. 2023ರ ನವೆಂಬರ್‌ನಿಂದ ಮಾಹಿತಿ ತಂತ್ರಜ್ಞಾನದವರು ಪದವಿಯಿಲ್ಲದಿದ್ದರೂ ಮೂರು ವರ್ಷದ ತಕ್ಕ ಅನುಭವದ ಮೇಲೆ ಬ್ಲೂ ಕಾರ್ಡ್ ಪಡೆಯಬಹುದು. ಮಂಗಳೂರು ಕಡೆಯಿಂದ ಹೋಗುವ ದಾದಿಯರ ವಿಷಯದಲ್ಲಿ ವೃತ್ತಿಯ ಮಾನ್ಯತೆಯೇ ಪ್ರತ್ಯೇಕ ಪ್ರಕ್ರಿಯೆಯಾಗಿದ್ದು, ಭಾಷೆಯ ಪರೀಕ್ಷೆಯೂ ಕಡ್ಡಾಯ.

ಬ್ಲೂ ಕಾರ್ಡ್‌ನ ದೊಡ್ಡ ಅನುಕೂಲ ಸಂಗಾತಿಗೆ. ಅವರು ಹೊರಡುವ ಮೊದಲು ಜರ್ಮನ್ ಪರೀಕ್ಷೆ ಪಾಸು ಮಾಡಿರಬೇಕೆಂಬ ಕಟ್ಟಳೆಯಿಲ್ಲ, ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡಬಹುದು. ಕಟ್ಟಳೆಯಿಲ್ಲ ಎಂದು ಕಲಿಯದೆ ಬರುವುದು ಮಾತ್ರ ನಾನು ಕಂಡ ಸಂಸಾರಗಳಲ್ಲಿ ಅತ್ಯಂತ ದುಬಾರಿಯಾದ ತಪ್ಪು. ಗಂಡ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ದಿನ ದೂಡುತ್ತಾನೆ. ಅಂಗಡಿ, ಶಿಶುವಿಹಾರ, ವೈದ್ಯರು, ಪಕ್ಕದ ಮನೆಯವರು ಎಲ್ಲರೊಡನೆ ಮಾತಾಡಬೇಕಾದವಳು ಹೆಂಡತಿ. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗಳಿವೆ. ವೀಸಾಕ್ಕೆ ಕಾಯುವ ತಿಂಗಳುಗಳಲ್ಲಿ ಇಬ್ಬರೂ ಒಟ್ಟಿಗೆ ಎ1, ಎ2 ಎಂಬ ಮೊದಲ ಎರಡು ಹಂತಗಳನ್ನು ಮುಗಿಸಿದರೆ ಮುಂದೆ ಬಿ1 ಹಂತ ದೂರವಿಲ್ಲ. ಬಿ1 ಇದ್ದರೆ ಬ್ಲೂ ಕಾರ್ಡ್ ಉಳ್ಳವರಿಗೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗಬಹುದು, ಎ1 ಮಾತ್ರ ಇದ್ದರೆ 27 ತಿಂಗಳು ಕಾಯಬೇಕು.

ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡುವ ಅಭ್ಯಾಸವನ್ನು ಕರಾರಿಗೆ ಸಹಿ ಹಾಕುವವರೆಗಾದರೂ ತಡೆಹಿಡಿಯಿರಿ. ವರ್ಷಕ್ಕೆ 60,000 ಯೂರೋ ಎಂದರೆ, ಒಬ್ಬಂಟಿಗರ ತೆರಿಗೆ ವರ್ಗದಲ್ಲಿ, ಆದಾಯ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ವೃದ್ಧಾಪ್ಯದ ಆರೈಕೆ ವಿಮೆ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 3,100ರಿಂದ 3,200 ಯೂರೋ. ದಂಪತಿಗಳಲ್ಲಿ ಒಬ್ಬರೇ ದುಡಿಯುವುದಾದರೆ ಮೂರನೆಯ ತೆರಿಗೆ ವರ್ಗ ಆರಿಸಿಕೊಂಡು ತಿಂಗಳ ಕಡಿತವನ್ನು ಗಣನೀಯವಾಗಿ ಇಳಿಸಬಹುದು. ಅದಕ್ಕೆ ಮತ್ತೆ ಆ ವಿವಾಹ ಪ್ರಮಾಣಪತ್ರವೇ ಬೇಕು.

ಊರಿನಲ್ಲಿ ಉಳಿಸಿಹೋಗುವ ಹಣ ಮತ್ತು ಆಸ್ತಿ

ಉದ್ಯೋಗಕ್ಕೆಂದು ವಿದೇಶಕ್ಕೆ ನೆಲೆ ಬದಲಿಸಿದ ಮೇಲೆ ನಿಮ್ಮ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿನ ಬಾಡಿಗೆ, ಬಡ್ಡಿ ಅದಕ್ಕೆ ಬೀಳುತ್ತದೆ. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ವಾಸವಿರುವವರು ಜಗತ್ತಿನ ಎಲ್ಲ ಆದಾಯವನ್ನೂ ಅಲ್ಲಿ ತೋರಿಸಬೇಕಾದ್ದರಿಂದ ಅದೇ ಬಡ್ಡಿಗೆ ಅಲ್ಲಿ ತೆರಿಗೆ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬಂಡವಾಳದ ಆದಾಯದಲ್ಲಿ ಒಬ್ಬರಿಗೆ ವರ್ಷಕ್ಕೆ 1,000 ಯೂರೋ, ದಂಪತಿಗಳಿಗೆ 2,000 ಯೂರೋವರೆಗೆ ವಿನಾಯಿತಿ, ಮಿಕ್ಕದ್ದಕ್ಕೆ 25 ಶೇಕಡಾ ದರ. ಬ್ಯಾಂಕಿನ ಶಾಖೆಯಲ್ಲಿ ಠೇವಣಿ ಇಡಿಸುವವರು ಇದನ್ನು ಹೇಳುವುದಿಲ್ಲ.

ನಿಮ್ಮ ಭಾರತದ ಮೊಬೈಲ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಆಧಾರ್, ಪಾನ್, ಬ್ಯಾಂಕು, ಆದಾಯ ತೆರಿಗೆ ಎಲ್ಲವೂ ಆ ಸಂಖ್ಯೆಗೆ ಬರುವ ಓಟಿಪಿಯ ಮೇಲೆ ನಿಂತಿವೆ. ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಕನಿಷ್ಠ ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ. ನನ್ನ ಸ್ನೇಹಿತರೊಬ್ಬರ ಸಂಖ್ಯೆ ರೀಚಾರ್ಜ್ ತಪ್ಪಿ ಬೇರೆ ಯಾರಿಗೋ ಹಂಚಿಕೆಯಾಗಿ, ಅದನ್ನು ಸರಿಪಡಿಸಲಿಕ್ಕೇ ಅವರು ರಜೆ ಹಾಕಿ ಊರಿಗೆ ಬರಬೇಕಾಯಿತು.

ಸೈಟು, ಮನೆ ಇದ್ದರೆ ನಂಬಿಕಸ್ಥರಿಗೆ ಮುಖ್ತ್ಯಾರ್‌ನಾಮೆ ಬರೆದುಕೊಟ್ಟು ಹೋಗಿ, ಆದರೆ ಅದರಲ್ಲಿ ಬಾಡಿಗೆ ವಸೂಲಿ, ಕಂದಾಯ ಪಾವತಿ ಎಂದು ಬೇಕಾದಷ್ಟು ಅಧಿಕಾರವನ್ನೇ ನಮೂದಿಸಿ. ಮಾರಾಟದ ಅಧಿಕಾರವನ್ನು ಸೇರಿಸುವ ಮುನ್ನ ಎರಡು ರಾತ್ರಿ ಯೋಚಿಸಿ. ಇಲ್ಲಿ ಮಾಡಿಸದೆ ಹೋದರೆ ಅಲ್ಲಿ ಭಾರತೀಯ ದೂತಾವಾಸಕ್ಕೆ ಹೋಗಿ ದೃಢೀಕರಿಸಿ ಕಳಿಸಬೇಕಾಗುತ್ತದೆ, ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕಾಗುತ್ತದೆ.

ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಅಮ್ಮ ಕಾಯಿಸಿಕೊಟ್ಟ ತುಪ್ಪ, ಧಾರವಾಡ ಪೇಢೆ ಎರಡೂ ಇದರಲ್ಲಿ ಬರುತ್ತವೆ. ಕರಿಬೇವು, ಮಾವಿನಹಣ್ಣಿನಂಥ ಹಸಿ ಪದಾರ್ಥಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ವಿಚಿತ್ರವೆಂದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ದುರಿಯನ್ ಇವಿಷ್ಟಕ್ಕೆ ಆ ಪ್ರಮಾಣಪತ್ರ ಬೇಡ. ನಮ್ಮ ಮನೆಯ ಫಲತಾಂಬೂಲದ ಕಾಯಿ ಹಾಗೆ ಸುಂಕದ ಕಟ್ಟೆಯನ್ನು ದಾಟಿತು. ಚಿನ್ನ ಒಯ್ಯುವುದಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಭಾರತೀಯ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆದುಕೊಂಡರೆ ವಾಪಸು ತರುವಾಗ ವಾದ ಮಾಡಬೇಕಾಗುವುದಿಲ್ಲ.

ಮನೆ, ಆಮೇಲೆ ನೋಂದಣಿ

ಕಾಯಂ ಮನೆಯನ್ನು ಬೆಂಗಳೂರಿನಲ್ಲಿ ಕುಳಿತು ಹುಡುಕಬೇಡಿ. ಫೋಟೋ ನೋಡಿ ಮುಂಗಡ ಕಳಿಸಿದವರು ಕಳಕೊಂಡಿದ್ದೇ ಹೆಚ್ಚು. ನೋಡುವ ಮುನ್ನವೇ ಹಣ ಕೇಳುವ ಮಾಲೀಕ ಮಾಲೀಕನೇ ಅಲ್ಲ ಎಂದು ತಿಳಿಯಿರಿ. ಮೊದಲ ಎರಡು ಮೂರು ತಿಂಗಳಿಗೆ ಪೀಠೋಪಕರಣ ಸಹಿತವಾದ ತಾತ್ಕಾಲಿಕ ಮನೆ ಹಿಡಿಯಿರಿ, ಆದರೆ ಆ ವಿಳಾಸದಲ್ಲಿ ಹೆಸರು ನೋಂದಾಯಿಸಲು ಮಾಲೀಕರು ದೃಢೀಕರಣ ಪತ್ರ ಕೊಡುವರೇ ಎಂದು ಬರವಣಿಗೆಯಲ್ಲಿ ಕೇಳಿ. ಅಗ್ಗದ ಎಷ್ಟೋ ತಾತ್ಕಾಲಿಕ ಮನೆಗಳು ಅದನ್ನು ಕೊಡುವುದಿಲ್ಲ. ಕೊಡದ ಮನೆ ಎಷ್ಟು ಚೆನ್ನಾಗಿದ್ದರೂ ನಿಮಗೆ ಉಪಯೋಗಕ್ಕೆ ಬಾರದು.

ಮನೆ ಪ್ರವೇಶಿಸಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ, ಅಲ್ಲಿನ ಕನ್ನಡಿಗರೂ 'ಆನ್‌ಮೆಲ್ಡುಂಗ್ ಆಯ್ತಾ?' ಎಂದೇ ಕೇಳುತ್ತಾರೆ. ದೊಡ್ಡ ಊರುಗಳಲ್ಲಿ ಇದಕ್ಕೆ ಸಮಯ ಕಾಯ್ದಿರಿಸುವುದೇ ಕಷ್ಟ, ವಿಮಾನದ ಟಿಕೆಟ್ ತೆಗೆದ ದಿನವೇ ಪ್ರಯತ್ನ ಶುರುಮಾಡಿ. ಅರ್ಜಿಯಲ್ಲಿ ಧರ್ಮದ ಅಂಕಣ ಒಂದಿದೆ, ಅದನ್ನು ಔಪಚಾರಿಕವೆಂದು ತಿಳಿಯಬೇಡಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದವರಿಂದ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬೆರ್ಗ್‌ಗಳಲ್ಲಿ 8 ಶೇಕಡಾ, ಉಳಿದ ರಾಜ್ಯಗಳಲ್ಲಿ 9 ಶೇಕಡಾ ಚರ್ಚ್ ತೆರಿಗೆ ಹಿಡಿಯುತ್ತಾರೆ. ಮಂಗಳೂರಿನ ಕ್ರೈಸ್ತ ಕುಟುಂಬಗಳು ಇದನ್ನು ತಿಳಿದೇ ಬರೆಯುವುದು ಒಳ್ಳೆಯದು.

ನೋಂದಣಿಯಾದ ಎರಡು ಮೂರು ವಾರದಲ್ಲಿ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ತಡವಾದರೆ ಕಂಪನಿಯು ಅತಿ ಹೆಚ್ಚು ಕಡಿತದ ಆರನೆಯ ವರ್ಗದಲ್ಲಿ ತೆರಿಗೆ ಹಿಡಿಯುವ ಸಂದರ್ಭವೂ ಬರಬಹುದು. ಆ ಹಣ ಮುಂದೆ ಮರಳಿ ಬರುತ್ತದೆ, ಆದರೆ ಹೊಸ ಸಂಸಾರಕ್ಕೆ ಹಣ ಬೇಕಾಗಿರುವುದು ಆ ಮೊದಲ ತಿಂಗಳುಗಳಲ್ಲಿಯೇ. ಈ ಪತ್ರ ನಿಮಗೆ ತಲುಪಬೇಕಾದರೆ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಮನೆತನದ ಹೆಸರಿರಬೇಕು. ಜರ್ಮನಿಯಲ್ಲಿ ಫ್ಲಾಟ್ ಸಂಖ್ಯೆಯ ರೂಢಿ ಕಡಿಮೆ, ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುತ್ತಾರೆ, ಹೆಸರಿಲ್ಲದಿದ್ದರೆ ವಾಪಸು ಕಳಿಸುತ್ತಾರೆ. ನಾನು ಬ್ಯಾಂಕಿನ ಕಾಗದಕ್ಕಾಗಿ ಮೂರು ವಾರ ಕಾದು, ಬ್ಯಾಂಕನ್ನು ಬೈದು, ಕೊನೆಗೆ ಕೆಳಗಿನ ಮನೆಯ ಅಜ್ಜಿ ಬೆರಳು ತೋರಿಸಿದಾಗ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಇರುವುದನ್ನು ಕಂಡೆ. ಜರ್ಮನಿಯಲ್ಲಿ ಅಂಚೆಗೆ ಇನ್ನೂ ಬಲವಿದೆ. ಹಳದಿ ಲಕೋಟೆಯಲ್ಲಿ ಬಂದ ಕಾಗದವೆಂದರೆ ಅದು ಕಾನೂನುಬದ್ಧ ಜಾರಿ. ಅದು ಪೆಟ್ಟಿಗೆಗೆ ಬಿದ್ದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿರುತ್ತಾರೆ, ಉತ್ತರಿಸುವ ಗಡುವು ಆ ದಿನದಿಂದಲೇ ಎಣಿಕೆಯಾಗುತ್ತದೆ. ಲಕೋಟೆಯನ್ನೂ ಎಸೆಯಬೇಡಿ.

ನೋಂದಣಿ ಪತ್ರ ಕೈಗೆ ಬಂದ ಕೂಡಲೇ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಯ ಅರ್ಜಿ ಹಾಕಿ. ವೀಸಾ ಅವಧಿ ಮುಗಿಯುವ ಮೊದಲು ಅರ್ಜಿ ಸಲ್ಲಿಕೆಯಾಗಿದ್ದರೆ, ಕಾರ್ಡ್ ಬರುವುದು ತಡವಾದರೂ ಮಧ್ಯಕಾಲಕ್ಕೆ ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ಪತ್ರ ಕೊಡುತ್ತಾರೆ, ನಿಮ್ಮ ವಾಸ ಸಕ್ರಮವಾಗಿಯೇ ಉಳಿಯುತ್ತದೆ. ಮುಗಿದ ಮೇಲೆ ಹಾಕಿದ ಅರ್ಜಿಗೆ ಆ ರಕ್ಷಣೆಯಿಲ್ಲ.

ಈಗ ಕಾಯಂ ಮನೆ. ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಎಂದರೆ ಗೋಡೆಗಳ ಬಾಡಿಗೆ ಮಾತ್ರ. ನೀರು, ಕಸ, ಮನೆ ಬೆಚ್ಚಗಿಡುವ ಖರ್ಚು ಸೇರಿದ್ದು ವಾರ್ಮ್‌ಮೀಟೆ. ವಿದ್ಯುತ್ತು ಸಾಮಾನ್ಯವಾಗಿ ಎರಡರಲ್ಲೂ ಸೇರಿರುವುದಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಸಮಾಧಾನದ ಸಂಗತಿಯೆಂದರೆ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಅಸಮಾಧಾನದ ಸಂಗತಿಯೆಂದರೆ ಅನೇಕ ಮನೆಗಳಲ್ಲಿ ಅಡುಗೆಮನೆ ಎಂದರೆ ಒಂದು ನಲ್ಲಿ ಮತ್ತು ನಾಲ್ಕು ಗೋಡೆ. ಕಟ್ಟೆ, ಒಲೆ, ಸಿಂಕು, ಕೊನೆಗೆ ಚಾವಣಿಯ ದೀಪ ಕೂಡ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. 'ಐನ್‌ಬೌಕ್ಯೂಖೆ' ಎಂದು ಬರೆದಿದ್ದರೆ ಮಾತ್ರ ಅಡುಗೆಮನೆಯ ಸಜ್ಜು ಇರುತ್ತದೆ. ಮನೆ ನೋಡಲು ಇಪ್ಪತ್ತು ಜನ ಒಟ್ಟಿಗೆ ಬಂದಿರುತ್ತಾರೆ, ಆಯ್ಕೆ ಮಾಲೀಕರದು. ಕೆಲಸದ ಕರಾರು, ಸಂಬಳದ ಚೀಟಿಗಳು, ಸಾಲ ಮರುಪಾವತಿಯ ಚರಿತ್ರೆ ತೋರಿಸುವ ಶೂಫಾ ವರದಿ, ಪಾಸ್‌ಪೋರ್ಟ್ ಪ್ರತಿ, ಕುಟುಂಬದ ಬಗ್ಗೆ ಜರ್ಮನ್ ಭಾಷೆಯಲ್ಲಿ ಅರ್ಧ ಪುಟ ಇವನ್ನು ಒಂದೇ ಕಡತವಾಗಿ ಜೋಡಿಸಿಟ್ಟುಕೊಂಡು ಅದೇ ಸಂಜೆ ಕಳಿಸಿದವರಿಗೆ ಮನೆ ಸಿಗುತ್ತದೆ. ಬಿಡುವಾಗ ಮೂರು ತಿಂಗಳ ನೋಟಿಸ್ ಕೊಡಬೇಕು, ಅದೂ ಸಹಿ ಮಾಡಿದ ಕಾಗದದ ಮೇಲೆ.

ಮನೆಯೊಳಗೆ ನಡೆದುಕೊಳ್ಳುವ ಬಗ್ಗೆ ಒಂದು ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಠೇವಣಿ ಕಳೆದುಕೊಳ್ಳುವುದು ಇದರಿಂದಲೇ. ಜರ್ಮನ್ ಮನೆಗಳ ಕಿಟಕಿ ಗಾಳಿಯಾಡದಂತೆ ಬಿಗಿಯಾಗಿರುತ್ತದೆ. ನಾವು ದಿನವೂ ಅನ್ನ ಬೇಯಿಸಿ, ಸಾರು ಕುದಿಸಿ, ಒಳಗೇ ಬಟ್ಟೆ ಒಣಗಿಸಿದಾಗ ಆ ಹಬೆ ಹೋಗಲು ಜಾಗವಿಲ್ಲದೆ ತಣ್ಣನೆಯ ಮೂಲೆಗೋಡೆಯ ಮೇಲೆ ನೀರಾಗಿ ಕೂರುತ್ತದೆ, ಎರಡು ವಾರದಲ್ಲಿ ಕಪ್ಪು ಬೂಸಲು ಹಿಡಿಯುತ್ತದೆ. ಚಳಿಯೆಂದು ಕಿಟಕಿಯನ್ನು ದಿನವಿಡೀ ಒಂದಿಷ್ಟು ಓರೆ ಮಾಡಿಡುವುದು ಪರಿಹಾರವಲ್ಲ, ಅದರಿಂದ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಎದುರು ಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಬೇಕು, ಅಡುಗೆಯಾದ ಕೂಡಲೇ ಇನ್ನೊಂದು ಸಲ. ಹೊಗೆ ಎಚ್ಚರಿಕೆಯ ಗಂಟೆ ಎಲ್ಲ ಮನೆಗಳಲ್ಲಿಯೂ ಕಡ್ಡಾಯವಾಗಿದ್ದು, ಬ್ಯಾಡಗಿ ಮೆಣಸಿನ ಒಗ್ಗರಣೆಗೂ ಬೆಂಕಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವ ಕೆಲಸ ಶನಿವಾರಕ್ಕೆ ಇಟ್ಟುಕೊಳ್ಳಿ. ನಮ್ಮ ಸ್ವಾಬಿಯ ಸೀಮೆಯಲ್ಲಿ ಇದರ ಜೊತೆಗೆ ಕೇರ್‌ವೋಖೆ ಎಂಬುದೂ ಇದೆ. ಸರದಿಯ ವಾರ ಬಂದಾಗ ನಿಮ್ಮ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ, ಆ ವಾರ ಮೆಟ್ಟಿಲು, ಕಾಲುದಾರಿ ಗುಡಿಸುವುದು, ಹಿಮ ಬಿದ್ದರೆ ತೆಗೆಯುವುದು ನಿಮ್ಮ ಪಾಲು. ಬೆಳಗಾಗೆದ್ದು ಅಂಗಳ ಗುಡಿಸಿ ನೀರು ಹಾಕುವ ಮನೆಯಿಂದ ಬಂದ ನನ್ನ ಹೆಂಡತಿಗೆ ಇಡೀ ಜರ್ಮನಿಯಲ್ಲಿ ವಿವರಣೆಯಿಲ್ಲದೆ ಅರ್ಥವಾದ ಪದ್ಧತಿ ಇದೊಂದೇ.

ವಿಮೆ, ವೈದ್ಯರು, ವಾಹನ ಪರವಾನಗಿ

ಆರೋಗ್ಯ ವಿಮೆಯಲ್ಲಿ ಸಾರ್ವಜನಿಕ, ಖಾಸಗಿ ಎಂಬ ಎರಡು ದಾರಿಗಳಿವೆ. ಸಂಬಳ ನಿಗದಿತ ಮಿತಿಗಿಂತ ಹೆಚ್ಚಿದ್ದರೆ, 2025ರಲ್ಲಿ ಅದು 73,800 ಯೂರೋ, ಖಾಸಗಿ ವಿಮೆ ಮಾಡಿಸಬಹುದು, ಮೂವತ್ತರ ಪ್ರಾಯದಲ್ಲಿ ಅದು ಅಗ್ಗವಾಗಿಯೂ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಕುಟುಂಬಸ್ಥರು ಆ ಕಡೆ ನೋಡಬಾರದು. ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲದೆ ರಕ್ಷಣೆ ಸಿಗುತ್ತದೆ. ಖಾಸಗಿಯಲ್ಲಿ ತಲೆಗೊಂದು ಕಂತು, ವಯಸ್ಸಾದಂತೆ ಏರುತ್ತದೆ, 55 ದಾಟಿದ ಮೇಲೆ ಹಿಂತಿರುಗುವುದು ಬಹುತೇಕ ಅಸಾಧ್ಯ.

ಊರಿಗೆ ಬಂದ ತಿಂಗಳಲ್ಲೇ, ಕಾಯಿಲೆ ಬರುವ ಮುನ್ನವೇ, ಹತ್ತಿರದ ಕುಟುಂಬ ವೈದ್ಯರೊಬ್ಬರಲ್ಲಿ ಹೆಸರು ಬರೆಸಿ. ನೇರವಾಗಿ ತಜ್ಞರ ಬಳಿ ಹೋಗಿ ಟೋಕನ್ ತೆಗೆದುಕೊಳ್ಳುವ ನಮ್ಮ ಪದ್ಧತಿ ಅಲ್ಲಿಲ್ಲ, ತಜ್ಞರ ಭೇಟಿಗೆ ವಾರಗಟ್ಟಲೆ ಕಾಯಬೇಕು. ರಾತ್ರಿ ಜ್ವರ ಏರಿದರೆ 116117, ಪ್ರಾಣಕ್ಕೆ ಅಪಾಯವೆನಿಸಿದರೆ 112. ಈ ಎರಡು ಸಂಖ್ಯೆಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ಮಕ್ಕಳ ಲಸಿಕೆ ಪುಸ್ತಕವನ್ನು ಮೂಲಪ್ರತಿಯಲ್ಲೇ ಒಯ್ಯಿರಿ, 2020ರಿಂದ ದಡಾರದ ಲಸಿಕೆಯ ಪುರಾವೆಯಿಲ್ಲದೆ ಶಿಶುವಿಹಾರ ಸೇರಿಸಿಕೊಳ್ಳುವುದಿಲ್ಲ.

ಕಡ್ಡಾಯವಲ್ಲದಿದ್ದರೂ ಮಾಡಿಸಲೇಬೇಕಾದದ್ದು ಹೊಣೆಗಾರಿಕೆ ವಿಮೆ. ಮಗು ಪಕ್ಕದವರ ಟಿವಿ ಬೀಳಿಸಿದರೆ, ನೀವು ಕಟ್ಟಡದ ಬೀಗದ ಕೈ ಕಳೆದರೆ ಬರುವ ಬಿಲ್ಲು ಕಂಡವರಿಗೆ ವರ್ಷಕ್ಕೆ ಕಟ್ಟುವ ಆ ಸಣ್ಣ ಮೊತ್ತ ಏನೂ ಅನಿಸುವುದಿಲ್ಲ. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಇದೆ, ಅದರ ಪತ್ರವನ್ನು ಮೋಸದ ಕಾಗದವೆಂದು ಹರಿದುಹಾಕಬೇಡಿ.

ಭಾರತದ ಚಾಲನಾ ಪರವಾನಗಿ ಅಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಹೊರಡುವ ಮುನ್ನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಆ ಆರು ತಿಂಗಳಾದ ಮೇಲೂ ಓಡಿಸಲು ಲಿಖಿತ, ಚಾಲನೆ ಎರಡೂ ಪರೀಕ್ಷೆ ಕೊಡಬೇಕು. ಲಿಖಿತವನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಳೆಯ ಪರವಾನಗಿ ಇರುವವರಿಗೆ ಕಡ್ಡಾಯ ತರಗತಿಗಳಿಲ್ಲ. ಹದಿನೈದು ವರ್ಷ ಬೆಂಗಳೂರಿನಲ್ಲಿ ಓಡಿಸಿದ್ದೇನೆ ಎಂಬ ಹೆಮ್ಮೆಯನ್ನು ಪರೀಕ್ಷಕರ ಮುಂದೆ ಇಡಬೇಡಿ. ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡುವುದನ್ನು ಒಮ್ಮೆ ಮರೆತರೂ ಅಲ್ಲಿಗೇ ಮುಗಿಯುತ್ತದೆ, ನನ್ನದು ಮುಗಿದಿತ್ತು.

ಮಕ್ಕಳು

ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ 2013ರಿಂದ ಕಾನೂನಿನ ಹಕ್ಕು, ಆದರೆ ಜಾಗ ನಿಜವಾಗಿ ಸಿಗುವುದು ಬೇಗ ಅರ್ಜಿ ಹಾಕಿದವರಿಗೆ. ವಿಳಾಸ ನೋಂದಣಿಯಾದ ವಾರದಲ್ಲೇ ನಾಲ್ಕೈದು ಕಡೆ ಹೆಸರು ಕೊಡಿ. ಅಲ್ಲಿ ಮಗು ಆರು ತಿಂಗಳಲ್ಲಿ ಜರ್ಮನ್ ಮಾತಾಡುತ್ತದೆ, ಆ ಬಗ್ಗೆ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಎಂಟು ಒಂಬತ್ತು ವರ್ಷದ ಮಗುವಿನೊಡನೆ ಹೋಗುವವರು. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ಕೊನೆಗೇ ಮಗು ವಿಶ್ವವಿದ್ಯಾಲಯದ ದಾರಿಯಾದ ಗಿಮ್ನಾಸಿಯುಮ್‌ಗೆ ಹೋಗಬೇಕೇ ಬೇರೆ ಬಗೆಯ ಶಾಲೆಗೆ ಹೋಗಬೇಕೇ ಎಂದು ತೀರ್ಮಾನವಾಗುತ್ತದೆ. ಬಂದು ಒಂದು ವರ್ಷವೂ ಆಗದ ಮಗು ಗಣಿತದಲ್ಲಿ ಎಷ್ಟೇ ಜಾಣನಾದರೂ ಜರ್ಮನ್ ಪ್ರಬಂಧದಲ್ಲಿ ಹಿಂದುಳಿಯುತ್ತದೆ. ಆಮೇಲೆ ದಾರಿ ಬದಲಿಸಲು ಅವಕಾಶವಿದೆ, ಆದರೆ ಅದಕ್ಕೆ ತಂದೆ ತಾಯಿ ಶಿಕ್ಷಕರೊಡನೆ ಕುಳಿತು ಮಾತಾಡಬೇಕು, ಆ ಮಾತು ಜರ್ಮನ್‌ನಲ್ಲಿ ನಡೆಯುತ್ತದೆ. ಆದ್ದರಿಂದ ಸಾಧ್ಯವಾದರೆ ಮಗುವಿನ ಶಾಲೆಯ ವರ್ಷ ನೋಡಿಕೊಂಡು ಹೊರಡುವ ಕಾಲ ನಿಶ್ಚಯಿಸಿ. ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ಬಂದಿಳಿದರೆ ಬೆಳಕೂ ಇರುತ್ತದೆ, ನೋಂದಣಿಗೆ ಸಮಯವೂ ಇರುತ್ತದೆ. ನಾವು ಇಳಿದದ್ದು ಡಿಸೆಂಬರ್‌ನಲ್ಲಿ, ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಿದ್ದ.

ಶಾಲೆ ಕಡ್ಡಾಯ, ಮನೆಯಲ್ಲೇ ಕಲಿಸುತ್ತೇವೆ ಎನ್ನುವಂತಿಲ್ಲ. ಟಿಕೆಟ್ ಅಗ್ಗವೆಂದು ರಜೆ ಶುರುವಾಗುವ ನಾಲ್ಕು ದಿನ ಮೊದಲೇ ಮಗುವನ್ನು ಊರಿಗೆ ಕರೆದೊಯ್ದರೆ ದಂಡ ಬೀಳಬಹುದು. ತಂಗಿಯ ಮದುವೆಯ ಮುಹೂರ್ತ ಶಾಲೆಯ ದಿನಗಳಲ್ಲಿ ಬಂದರೆ ಮುಖ್ಯ ಶಿಕ್ಷಕರಿಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಿರಿ, ಲಗ್ನಪತ್ರಿಕೆಗೆ ಇಲ್ಲಾದರೂ ಒಂದು ಉಪಯೋಗ ಬರುತ್ತದೆ.

ತಂದೆ ತಾಯಿ, ಮತ್ತು ಊರಿನ ಜಮೀನು

ತಂದೆ ತಾಯಿ ನೋಡಲು ಬರುವುದಾದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು, ಅವರ ಖರ್ಚು ನೀವು ಹೊರುವುದಾದರೆ ನಿಮ್ಮ ಊರಿನ ಕಚೇರಿಯಿಂದ 29 ಯೂರೋ ಶುಲ್ಕ ಕೊಟ್ಟು ಹೊಣೆಪತ್ರ ಮಾಡಿಸಿ ಮೂಲಪ್ರತಿಯನ್ನು ಕಳಿಸಬೇಕು. ಕಾಯಂ ಆಗಿ ಕರೆತರುವ ದಾರಿ ಬಹುಕಾಲ ಮುಚ್ಚಿಯೇ ಇತ್ತು. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಬಾರಿಗೆ ಬ್ಲೂ ಕಾರ್ಡ್‌ನಂಥ ಪರವಾನಗಿ ಪಡೆದವರಿಗೆ ಮಾತ್ರ ಈಗ ಅವಕಾಶವಿದೆ. ಆದರೆ ಆ ವಯಸ್ಸಿನವರಿಗೆ ಆರೋಗ್ಯ ವಿಮೆ ಕೊಡುವವರನ್ನು ಹುಡುಕುವುದೇ ನಿಜವಾದ ಅಡ್ಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅಪ್ಪನಿಗೆ ಅದು ಸಿಗದೆ ಹೋದರೆ ಯಾವ ಕಾನೂನೂ ಸಹಾಯಕ್ಕೆ ಬರುವುದಿಲ್ಲ. ಒಬ್ಬನೇ ಮಗ, ಒಬ್ಬಳೇ ಮಗಳು ಇರುವ ಮನೆಯವರು ಹೊರಡುವ ಮೊದಲೇ ಇದನ್ನು ಅಪ್ಪ ಅಮ್ಮನೆದುರು ಕುಳಿತು ಮಾತಾಡಿಕೊಳ್ಳಬೇಕು. ನಾವು ಮಾತಾಡಿಕೊಂಡಿರಲಿಲ್ಲ.

ಐದು ವರ್ಷ ಸಕ್ರಮವಾಗಿ ನೆಲೆಸಿ, ಭಾಷೆಯೇ ಮೊದಲಾದ ಷರತ್ತುಗಳನ್ನು ಪೂರೈಸಿದವರು ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬೇಕಾಗುತ್ತದೆ. ಅನಿವಾಸಿಯಾಗಿದ್ದಾಗಲೂ ಒಸಿಐ ಆದಮೇಲೂ ಭಾರತದಲ್ಲಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಅಪ್ಪನ ಕಾಲಾನಂತರ ಪೌತಿ ಖಾತೆ ಆಗಬೇಕಾದರೆ ವಂಶವೃಕ್ಷದಲ್ಲಿ ನಿಮ್ಮ ಹೆಸರಿರಬೇಕು. ಗ್ರಾಮ ಆಡಳಿತಾಧಿಕಾರಿ ಅಲ್ಲಿ ಬರೆಯುವುದು ಊರಿನವರು ಕರೆಯುವ ಹೆಸರನ್ನು, ನಿಮ್ಮ ಕೈಯಲ್ಲಿರುವುದು ಎರಡು ಅಂಕಣಕ್ಕೆ ಹೊಂದಿಸಿಕೊಂಡ ಪಾಸ್‌ಪೋರ್ಟ್‌ನ ಹೆಸರು. ಎರಡೂ ಒಬ್ಬರದೇ ಎನ್ನುವ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿ, ಒಂದು ಪ್ರತಿಯನ್ನು ಅಪ್ಪನ ಪಹಣಿಗಳಿರುವ ಟ್ರಂಕಿನಲ್ಲಿ ಇಟ್ಟು, ಇನ್ನೊಂದನ್ನು ನಿಮ್ಮ ಕೈಚೀಲದಲ್ಲಿ ಇರಿಸಿಕೊಂಡು ಹೊರಡಿ.